ಇನ್‌ಚಾರ್ಜ್ ಸಿಸ್ಟರ್ ಬೈದಾಗ: ಹೊಸ ನರ್ಸ್‌ನ ಮೊದಲ ಆರು ತಿಂಗಳು

ಮುಂಜಾನೆ ಎಂಟರ ಓವರ್‌ನಿಂದಲೇ, ಅಂದರೆ ಒಂದು ಡ್ಯೂಟಿಯವರು ಮುಂದಿನವರಿಗೆ ಪೇಷಂಟ್‌ಗಳ ವಿವರ ಹೇಳಿ ಒಪ್ಪಿಸುವಲ್ಲಿಂದಲೇ, ಶುರು ಮಾಡಬೇಕು. ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆ ಇರಲಿ, ಗದಗ-ಹಾವೇರಿಯ ಸರ್ಕಾರಿ ದವಾಖಾನೆ ಇರಲಿ, ಹೊಸದಾಗಿ ಸೇರಿದ ನರ್ಸ್ ಮೊದಲು ಬೈಸಿಕೊಳ್ಳುವುದು ಹೆಚ್ಚಾಗಿ ಅಲ್ಲೇ. ರಾತ್ರಿಯಿಡೀ ಎಚ್ಚರವಿದ್ದ ಕಣ್ಣು, ಬೆಡ್‌ನಿಂದ ಬೆಡ್‌ಗೆ ಸಾಗುವ ಗುಂಪು, ಸುತ್ತ ಪೇಷಂಟ್ ಕಡೆಯವರು. ಇನ್ನೇನು ಡಾಕ್ಟರು ರೌಂಡ್ಸಿಗೆ ಬರುತ್ತಾರೆ ಅನ್ನುವ ಗಡಿಬಿಡಿಯಲ್ಲಿ ವಾರ್ಡಿನ ಹೊಣೆ ಹೊತ್ತ ಇನ್‌ಚಾರ್ಜ್ ಸಿಸ್ಟರ್ ಕೇಳುತ್ತಾರೆ: "ಒಂಬತ್ತನೇ ಬೆಡ್ ಯೂರಿನ್ ಔಟ್‌ಪುಟ್ ಎಷ್ಟವಾ?" ಉತ್ತರ ತಕ್ಷಣ ಬರಲಿಲ್ಲವೆಂದರೆ, "ಯಾವ ಕಾಲೇಜಿನ್ಯಾಗ ಕಲ್ತ್ ಬಂದೀ? ರೊಕ್ಕಾ ಕೊಟ್ಟ್ ಪಾಸಾಗೀ ಏನ?" ಅನ್ನುವ ಮಾತು ಹತ್ತು ಜನರ ಮುಂದೆ ಬೀಳುತ್ತದೆ.

ಇದನ್ನು ದಾಟಿ ಬರುವುದಕ್ಕೆ ಒಂದು ಕ್ರಮ ಇದೆ. ಈ ಭಾಗದ ವಾರ್ಡುಗಳಲ್ಲಿ ವರ್ಷಗಟ್ಟಲೆ ಡ್ಯೂಟಿ ಮಾಡಿದವರು, ಹೊಸಬರು ಬಂದು ಅತ್ತು ಬಿಟ್ಟು ಹೋಗುವುದನ್ನೂ ಗಟ್ಟಿಯಾಗಿ ನಿಲ್ಲುವುದನ್ನೂ ಕಂಡವರು, ಒಬ್ಬರಿಂದೊಬ್ಬರಿಗೆ ಹೇಳಿಕೊಡುತ್ತ ಬಂದ ಕ್ರಮ. ಜಿಎನ್‌ಎಂ ಡಿಪ್ಲೊಮಾದ ಮೂರು ವರ್ಷದಲ್ಲಾಗಲಿ ಬಿಎಸ್ಸಿ ನಾಲ್ಕು ವರ್ಷದಲ್ಲಾಗಲಿ ಇದಕ್ಕೆಂದು ಒಂದು ಪಾಠ ಇರುವುದಿಲ್ಲ.

ಮೊದಲ ಕೆಲಸ, ಅಂದ ಮಾತು ಯಾವ ಬಗೆಯದು ಎಂದು ಗುರುತಿಸುವುದು. ನಮ್ಮ ಕಡೆಯ ಮಾತು ಜೋರು. ವಯಸ್ಸಾದ ಸಿಸ್ಟರ್ "ಬಾರವಾ ಇಲ್ಲೆ", "ಏ ತಂಗಿ, ಆ ಟ್ರೇ ತಗೊಂಬಾ" ಅಂದರೆ ಅದು ಅವಮಾನ ಅಲ್ಲ, ಮನೆಯವಳೆಂದು ಕರೆದದ್ದು. ದಕ್ಷಿಣದ ಜಿಲ್ಲೆಗಳಿಂದ ಬಂದ ಹುಡುಗಿಯರು ಏಕವಚನ ಕೇಳಿದ ಕೂಡಲೇ ನೊಂದುಕೊಳ್ಳುತ್ತಾರೆ. ಹದಿನೈದು ದಿನ ತಡೆದು ನೋಡಿ ಅಂತ ಅವರಿಗೆ ಹೇಳಬೇಕಾಗುತ್ತದೆ. ಇದರ ಉಲ್ಟಾ ಕೂಡ ಉಂಟು: "ಬರ್ರಿ ಮಹಾರಾಣಿಯವರ" ಎಂದು ಬಹುವಚನದಲ್ಲೇ ಚುಚ್ಚುವವರಿದ್ದಾರೆ. ಹಾಗಾಗಿ "ರೀ" ಇದೆಯೋ ಇಲ್ಲವೋ ಎಂಬುದು ಅಳತೆಗೋಲಲ್ಲ. ಅಳತೆಗೋಲು ಬೇರೆ ಇದೆ. ಆ ವಾಕ್ಯದಿಂದ ಬೈಗುಳ ತೆಗೆದು ಹಾಕಿ. ಉಳಿದದ್ದರಲ್ಲಿ ಮಾಡಬೇಕಾದ ಕೆಲಸ ಒಂದು ಸಿಗುತ್ತದೆಯೇ ನೋಡಿ. "ಐವಿ ಹಾಕಿದ ಕೈ ಬಾತೈತಿ, ಕಣ್ಣಿಲ್ಲೇನ ನಿನಗ?" ಎಂಬುದರಲ್ಲಿ ಕಣ್ಣಿನ ಮಾತು ತೆಗೆದರೆ, ಕೈ ಬಾತಿದೆ ಎಂಬ ನಿಜ ಉಳಿಯುತ್ತದೆ. ಡ್ರಿಪ್ ನಿಲ್ಲಿಸಿ, ಕ್ಯಾನುಲಾ (ನರಕ್ಕೆ ಹಾಕಿದ ಸಣ್ಣ ನಳಿಕೆ) ತೆಗೆದು, ಬೇರೆ ಜಾಗದಲ್ಲಿ ಹಾಕಬೇಕು. ಮಾತು ಒರಟು, ಕೆಲಸ ನಿಜ. "ನಿಮ್ಮಂಥಾಕಿ ಮನ್ಯಾಗ ಭಾಂಡೆ ತಿಕ್ಕಾಕ ಲಾಯಕ್ಕು" ಎಂಬುದರಲ್ಲಿ ಏನು ತೆಗೆದರೂ ಏನೂ ಉಳಿಯುವುದಿಲ್ಲ. ಅದು ಅವಮಾನ. ಮೊದಲನೆಯದಕ್ಕೆ ಕೈ ಓಡಬೇಕು, ಎರಡನೆಯದಕ್ಕೆ ಬಾಯಿ ತೆರೆಯಬೇಕು. ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಮನಸ್ಸಿಗೆ ಹಚ್ಚಿಕೊಳ್ಳುವುದು.

ಮೂರನೆಯ ಬಗೆ ಮಾತಿನದಲ್ಲ, ಡ್ಯೂಟಿ ಚಾರ್ಟಿನದು. ಒಬ್ಬಳಿಗೇ ಸಾಲಾಗಿ ನೈಟ್, ವಾರದ ಆಫ್ ಕಡೆಯ ಗಳಿಗೆಯಲ್ಲಿ ರದ್ದು, ಊಟಕ್ಕೆ ಬಿಡದಿರುವುದು. ನಾಲ್ಕನೆಯದು ಜಾತಿಯನ್ನೋ ಮೈಯನ್ನೋ ಹೆಣ್ತನವನ್ನೋ ಹಿಡಿದು ಆಡುವ ಮಾತು. ಅದರ ದಾರಿಯೇ ಬೇರೆ, ಅದಕ್ಕೆ ಆಮೇಲೆ ಬರೋಣ.

ಈ ವಿಂಗಡಣೆಗೆ ಇಷ್ಟು ಒತ್ತು ಯಾಕೆಂದರೆ, ಬೈಗುಳದ ನಿಜವಾದ ನಷ್ಟ ನರ್ಸ್‌ನ ಕಣ್ಣೀರಲ್ಲಿ ಮುಗಿಯುವುದಿಲ್ಲ. ಬೈಸಿಕೊಂಡವಳು ಕೇಳುವುದನ್ನು ಬಿಟ್ಟುಬಿಡುತ್ತಾಳೆ. ಕೇಳುವುದನ್ನು ಬಿಟ್ಟ ನರ್ಸ್‌ನ ಕೈಯಲ್ಲಿ ಸಿರಿಂಜ್ ಇರುತ್ತದೆ.

ಇನ್ಸುಲಿನ್ ತೆಗೆದುಕೊಳ್ಳಿ. ನಮ್ಮಲ್ಲಿ ವಯಲ್ (ಔಷಧದ ಸಣ್ಣ ಸೀಸೆ) ಎರಡು ಬಲದಲ್ಲಿ ಸಿಗುತ್ತದೆ: ಒಂದು ಮಿಲಿಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. 40ರದಕ್ಕೆ ಕೆಂಪು ಕ್ಯಾಪಿನ ಸಿರಿಂಜ್, 100ರದಕ್ಕೆ ಕಿತ್ತಳೆ ಕ್ಯಾಪಿನದು. ಡಾಕ್ಟರು 10 ಯೂನಿಟ್ ಬರೆದಿದ್ದಾರೆ. ಫ್ರಿಜ್ಜಿನಲ್ಲಿರುವ ವಯಲ್ 100ರದು, ಟ್ರೇಯಲ್ಲಿ ಇರುವುದು ಕೆಂಪು ಕ್ಯಾಪ್. ಕೆಂಪು ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ಕಾಲು ಮಿಲಿ ಬರುತ್ತದೆ. 100ರ ವಯಲಿನಲ್ಲಿ ಕಾಲು ಮಿಲಿ ಅಂದರೆ 25 ಯೂನಿಟ್. ಎರಡೂವರೆ ಪಟ್ಟು. ರಾತ್ರಿ ಎರಡಕ್ಕೆ ಪೇಷಂಟ್ ಬೆವರಿ, ನಡುಗಿ, ಎಚ್ಚರ ತಪ್ಪಿದರೆ ಆಶ್ಚರ್ಯವಿಲ್ಲ. ಅದಲು ಬದಲಾದರೆ, ಅಂದರೆ 40ರ ವಯಲಿಗೆ ಕಿತ್ತಳೆ ಸಿರಿಂಜ್ ಆದರೆ, ಹೋಗುವುದು ನಾಲ್ಕೇ ಯೂನಿಟ್. ಮುಂಜಾನೆ ಶುಗರ್ ಇಳಿದಿಲ್ಲವೆಂದು ಡಾಕ್ಟರು ಡೋಸ್ ಏರಿಸುತ್ತಾರೆ, ಮರುದಿನ ಸರಿಯಾದ ಸಿರಿಂಜ್ ಸಿಕ್ಕಾಗ ಅಪಾಯ ಅಲ್ಲಿಗೆ ಬಂದು ನಿಂತಿರುತ್ತದೆ. ಇಷ್ಟನ್ನೂ ತಪ್ಪಿಸಲು ಬೇಕಾದದ್ದು ಒಂದು ಪ್ರಶ್ನೆ. ಮುಂಜಾನೆ "ಇಷ್ಟೂ ತಿಳಿಯಂಗಿಲ್ಲೇನ" ಅನ್ನಿಸಿಕೊಂಡವಳು ಸಂಜೆ ಆ ಪ್ರಶ್ನೆ ಕೇಳುವುದಿಲ್ಲ.

ಪೊಟ್ಯಾಸಿಯಂ ಕ್ಲೋರೈಡ್ ಕೂಡ ಹಾಗೆಯೇ. ಹತ್ತು ಮಿಲಿಯ 15 ಪರ್ಸೆಂಟ್ ಆಂಪೂಲ್‌ನಲ್ಲಿ 20 ಮಿಲಿ ಈಕ್ವಿವೆಲೆಂಟ್ (ಔಷಧದ ಪ್ರಮಾಣದ ಅಳತೆ, ಮಿಲಿಲೀಟರ್ ಅಲ್ಲ) ಇರುತ್ತದೆ. ಅದನ್ನು ಎಂದೂ ನೇರವಾಗಿ ನರಕ್ಕೆ ಪುಶ್ ಮಾಡುವಂತಿಲ್ಲ. ಸಲೈನಿನಲ್ಲಿ ಬೆರೆಸಿ, ಬಾಟಲಿ ಮೇಲೆ ಕೆಳಗೆ ಮಾಡಿ ಕಲಸಿ, ಲೇಬಲ್ ಹಚ್ಚಿ, ನಿಧಾನವಾಗಿ ಬಿಡಬೇಕು. ವಾರ್ಡಿನಲ್ಲಿ ಕೈಯ ನರದ ಮೂಲಕ ಸಾಮಾನ್ಯವಾಗಿ ತಾಸಿಗೆ 10 ಮಿಲಿ ಈಕ್ವಿವೆಲೆಂಟ್ ದಾಟಿಸುವುದಿಲ್ಲ. "ಲಗೂ ಕೊಡ, ಎಷ್ಟೊತ್ತು!" ಎಂದು ಹಿಂದಿನಿಂದ ಯಾರೇ ಕೂಗಲಿ, ಈ ಔಷಧಕ್ಕೆ ಅವಸರ ಇಲ್ಲ.

ಅದಕ್ಕೇ ನಮ್ಮ ಮೊದಲ ಕಟ್ಟುನಿಟ್ಟು: ಸಂಶಯ ಇರುವ ಔಷಧ ಕೊಡಬೇಡಿ, ಬೈಗುಳಕ್ಕೆ ಹೆದರಿ ಪ್ರಶ್ನೆ ನುಂಗಬೇಡಿ. ಆದರೆ ಕೇಳುವ ರೀತಿಯನ್ನು ಮಾತ್ರ ಬದಲಿಸಿಕೊಳ್ಳಿ. "ಮೇಡಂ, ಇದನ್ನ ಹೆಂಗ್ ಕೊಡೂದು?" ಎಂದರೆ ಎದುರಿನವರ ತಾಳ್ಮೆ ಅಲ್ಲೇ ಹೋಗುತ್ತದೆ. ಎರಡು ನಿಮಿಷ ಕೇಸ್‌ಶೀಟ್ ಮತ್ತು ಲೇಬಲ್ ಓದಿಕೊಂಡು, "ಮೇಡಂ, ಹನ್ನೆರಡನೇ ಬೆಡ್ಡಿಗೆ ಇನ್ಸುಲಿನ್ ಹತ್ತು ಯೂನಿಟ್ ಐತ್ರಿ. ವಯಲ್ ನೂರರದು, ಟ್ರೇದಾಗ ಕೆಂಪ್ ಕ್ಯಾಪ್ ಅಷ್ಟ ಅದಾವ. ಕಿತ್ತಳಿ ಕ್ಯಾಪಿಂದು ಎಲ್ಲಿ ಇಟ್ಟೀರಿ?" ಎಂದು ಕೇಳಿ. ಬೆಡ್, ಔಷಧ, ನನಗೆ ಗೊತ್ತಿರುವುದು, ನನಗೆ ಬೇಕಾದದ್ದು. ಹೀಗೆ ಕೇಳಿದವಳನ್ನು ದಡ್ಡಿ ಅನ್ನುವುದು ಯಾವ ಸುಪರ್‌ವೈಸರಿಗೂ ಸುಲಭವಲ್ಲ. ಆದರೂ ಅಂದರೆ, ಪಕ್ಕದ ವಾರ್ಡಿನ ಸೀನಿಯರ್ ಅಥವಾ ಡ್ಯೂಟಿ ಡಾಕ್ಟರನ್ನು ಕೇಳಿ. ಫೋನಿನಲ್ಲಿ ಆರ್ಡರ್ ಬಂದರೆ ಬರೆದುಕೊಂಡು ತಿರುಗಿ ಓದಿ ಹೇಳಿ, ಸಮಯ ಹಾಕಿ, ಡಾಕ್ಟರು ವಾರ್ಡಿಗೆ ಬಂದ ಕೂಡಲೇ ಸಹಿ ಹಾಕಿಸಿಕೊಳ್ಳಿ. ನಾಳೆ "ನಾ ಅಂದೇ ಇಲ್ಲ" ಎಂಬ ಮಾತು ಬಂದಾಗ ಆ ಸಹಿಯೇ ಸಾಕ್ಷಿ.

ಓವರ್ ಕೊಡುವಾಗ ಬೈಗುಳಕ್ಕೆ ಜಾಗ ಕಡಿಮೆ ಮಾಡುವುದೂ ಸಾಧ್ಯ. ಒಂದು ಎ-ಫೋರ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಒಂದೊಂದು ಬೆಡ್ಡಿಗೆ ನಾಲ್ಕೈದು ಸಾಲು: ಯಾಕೆ ಅಡ್ಮಿಟ್ ಆಗಿದ್ದಾರೆ, ಕ್ಯಾನುಲಾ, ಕ್ಯಾಥೆಟರ್ (ಮೂತ್ರದ ನಳಿಕೆ), ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಹಾಕುವ ನಳಿಕೆ) ಏನೇನು ಇದೆ, ಹಾಕಿದ ದಿನ ಯಾವುದು, ಓಡುತ್ತಿರುವ ಸಲೈನ್ ಎಷ್ಟು ಉಳಿದಿದೆ, ಒಳಹೋದದ್ದು ಎಷ್ಟು, ಹೊರಬಂದದ್ದು ಎಷ್ಟು, ಯಾವ ರಿಪೋರ್ಟ್ ಬರಬೇಕು, ಮುಂದಿನ ಇಂಜೆಕ್ಷನ್ ಎಷ್ಟಕ್ಕೆ, ಮುಂದಿನ ಡ್ಯೂಟಿಯವರು ಯಾವುದರ ಮೇಲೆ ಕಣ್ಣಿಡಬೇಕು. ಯೂರಿನ್ ಬ್ಯಾಗನ್ನು ಏಳೂವರೆಗೇ ಅಳೆದು ಬರೆದಿಡಿ, ಎಂಟಕ್ಕೆ ಹುಡುಕಬೇಡಿ. ಡ್ಯೂಟಿಗೆ ಬರುವವರು ಇಪ್ಪತ್ತು ನಿಮಿಷ ಮೊದಲೇ ವಾರ್ಡಿನಲ್ಲಿರಬೇಕು. ಧಾರವಾಡದಿಂದ ಹುಬ್ಬಳ್ಳಿಗೆ ಓಡುವ ಚಿಗರಿ ಬಸ್ಸಿನಲ್ಲಿ ಬರುವವರಿಗೆ ಇದು ಹೇಗಾದರೂ ಆದೀತು. ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆಯಿಂದ ದಿನಾ ಓಡಾಡುವವರು ಒಂದು ಬಸ್ ತಪ್ಪಿದರೂ ಉಳಿಯುವಂತೆ ಹೊರಡಬೇಕು. ಯಾಕೆಂದರೆ ತಡ ಆದ ದಿನ ನಿಮ್ಮ ಯಾವ ನ್ಯಾಯದ ಮಾತಿಗೂ ತೂಕ ಇರುವುದಿಲ್ಲ.

ಬಂದ ಕೂಡಲೇ ಇನ್ವೆಂಟರಿ ಎಣಿಸಿ ಸಹಿ ಮಾಡಿ. ಬಿಪಿ ಆಪರೇಟಸ್, ಗ್ಲೂಕೋಮೀಟರ್, ಪಲ್ಸ್ ಆಕ್ಸಿಮೀಟರ್, ಥರ್ಮಾಮೀಟರ್, ಆಕ್ಸಿಜನ್ ಸಿಲಿಂಡರಿನ ಕೀಲಿ, ಎಮರ್ಜೆನ್ಸಿ ಟ್ರೇ. ಎಣಿಸದೆ ಸಹಿ ಹಾಕಿ, ಸಂಜೆ ಗ್ಲೂಕೋಮೀಟರ್ ಕಾಣದೆ, ಹೊಸಬರ ಪಗಾರದಿಂದ ದುಡ್ಡು ಹಿಡಿದ ಪ್ರಸಂಗಗಳು ಎಷ್ಟೋ. "ಎಣಿಸೂದ್ಯಾಕ, ನನ್ನ ಮ್ಯಾಲ ನಂಬಿಗಿಲ್ಲೇನ?" ಎಂದರೆ, "ನಂಬಿಗಿ ಐತ್ರಿ ಅಕ್ಕಾರ, ಸಹಿ ನಂದೈತಲ್ರಿ" ಎಂದು ಹೇಳಿ ಎಣಿಸಿ.

ಇನ್ನು ನಿಜವಾದ ಅವಮಾನಕ್ಕೆ ಉತ್ತರ. ಆ ಕ್ಷಣದಲ್ಲಿ ಒಂದೇ ವಾಕ್ಯ ಸಾಕು, ಅದನ್ನು ಮನೆಯಲ್ಲೇ ನಾಲ್ಕು ಸಲ ಬಾಯಿಗೆ ತಂದುಕೊಂಡಿರಬೇಕು. "ಮೇಡಂ, ತಪ್ಪಾಗಿದ್ರ ಹೇಳ್ರಿ, ತಿದ್ಕೋತೇನಿ. ಪೇಷಂಟ್ ಮಂದಿ ಮುಂದ ಹಿಂಗ ಅನಬ್ಯಾಡ್ರಿ." ದನಿ ಏರಬಾರದು, ಇಳಿಯಲೂಬಾರದು. ಹೇಳಿ ಮುಗಿಸಿ ಮುಂದಿನ ಬೆಡ್ಡಿನ ಓವರ್ ಶುರು ಮಾಡಿ. ಉತ್ತರಕ್ಕೆ ಕಾಯುತ್ತ ನಿಂತರೆ ಜಗಳ ಆಗುತ್ತದೆ. ಕೆಲವರು ಸಿಟ್ಟಿನಲ್ಲಿ ಟ್ರೇ ಕುಕ್ಕಿ ಬಾತ್‌ರೂಮಿಗೆ ಹೋಗಿ ಅಳುತ್ತಾರೆ. ಅಳುವುದರಲ್ಲಿ ತಪ್ಪೇನಿಲ್ಲ, ಆದರೆ ಪೇಷಂಟನ್ನು ಮತ್ತೊಬ್ಬರಿಗೆ ಹೇಳಿ ಹೋಗಿ. ಹೇಳದೆ ಹೋದ ಐದು ನಿಮಿಷದಲ್ಲಿ ಏನಾದರೂ ಆದರೆ, ತಪ್ಪು ಪೂರ್ತಿ ನಿಮ್ಮ ಕಡೆ ಬರುತ್ತದೆ, ಬೈದ ಮಾತು ಎಲ್ಲರೂ ಮರೆಯುತ್ತಾರೆ.

ವಾಟ್ಸಾಪ್ ಗ್ರೂಪಿನಲ್ಲಿ ಬೈದರೆ ಅಲ್ಲಿ ಉತ್ತರ ಬೇಡವೇ ಬೇಡ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, "ನೋಡಿದೆ ಮೇಡಂ, ಡ್ಯೂಟಿಗೆ ಬಂದಾಗ ಮಾತಾಡ್ತೀನಿ" ಎಂದಷ್ಟೇ ಹಾಕಿ. ಪಿಜಿಯ ಗೆಳತಿಗೆ ಕಳಿಸಿದ ವಾಯ್ಸ್ ಮೆಸೇಜ್ ಮೂರು ಕೈ ದಾಟಿ ಇನ್‌ಚಾರ್ಜ್ ಕಿವಿಗೆ ಬೀಳಲು ಒಂದು ಸಂಜೆ ಸಾಕು.

ಎರಡು ಮೂರು ಸಲ ಆದ ಮೇಲೆ ಎದುರು ಕೂತು ಮಾತಾಡಬೇಕು. ಸಮಯ ಆರಿಸುವುದೇ ಇಲ್ಲಿ ಅರ್ಧ ಕೆಲಸ. ರೌಂಡ್ಸಿನ ಹೊತ್ತು ಬೇಡ, ಡಿಸ್ಚಾರ್ಜ್ ಫೈಲುಗಳ ಹೊತ್ತು ಬೇಡ. ಮಧ್ಯಾಹ್ನ ಊಟವಾಗಿ ಒಂದೂವರೆ-ಎರಡರ ಸುಮಾರು ವಾರ್ಡು ತಣ್ಣಗಿರುತ್ತದೆ. ಬೆಳಿಗ್ಗೆಯೇ, "ಮೇಡಂ, ಇವತ್ತ ಊಟಾದ ಮ್ಯಾಲ ಐದ ನಿಮಿಷ ಮಾತಾಡೂದೈತ್ರಿ" ಎಂದು ಹೇಳಿಡಿ. ಕೂತಾಗ "ನೀವು ಯಾವಾಗಲೂ ನನ್ನ ಮೇಲೆ ಸಿಟ್ಟು ಮಾಡ್ತೀರಿ" ಎಂದು ಶುರು ಮಾಡಿದರೆ ಮಾತು ಕೆಟ್ಟಿತು. "ಯಾವಾಗಲೂ" ಅನ್ನುವುದಕ್ಕೆ ಅವರ ಬಳಿ ನೂರು ಉತ್ತರ ಇರುತ್ತವೆ. ಒಂದು ದಿನ, ಒಂದು ಮಾತು ಹಿಡಿಯಿರಿ: "ಮಂಗಳವಾರ ಓವರ್‌ನ್ಯಾಗ ಏಳನೇ ಬೆಡ್ ಕಡೆ ನೀವು ಹಿಂಗ ಅಂದ್ರಿ. ಅದಾದ ಮ್ಯಾಲ ಆ ಪೇಷಂಟಿನ ಮಗ ನನ್ನ ಕೈಯಾಗ ಇಂಜೆಕ್ಷನ್ ಕೊಡಸ್ಕೊಳ್ಳಾಕ ಒಲ್ಲೆ ಅಂದನ್ರಿ. ನನಗ ಏನು ಬರಂಗಿಲ್ಲ, ಅದನ್ನ ಬಾಜೂಕ ಕರದು ಹೇಳ್ರಿ." ಮೂರು ಭಾಗ: ಆದದ್ದು, ಅದರಿಂದ ಕೆಲಸಕ್ಕೆ ಆದದ್ದು, ನನಗೆ ಬೇಕಾದದ್ದು. ನಮಗೆ ಕಂಡ ಮಟ್ಟಿಗೆ ಅರ್ಧಕ್ಕೂ ಹೆಚ್ಚು ಪ್ರಕರಣ ಇಲ್ಲಿಗೇ ತಣ್ಣಗಾಗುತ್ತವೆ. ಇನ್‌ಚಾರ್ಜ್ ಸಿಸ್ಟರಿಗೂ ಮೇಲಿನಿಂದ ಬೈಗುಳ ಬರುತ್ತಿರುತ್ತದೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದ ಪ್ರಕಾರ ಸಾಮಾನ್ಯ ವಾರ್ಡಿನಲ್ಲಿ ಟೀಚಿಂಗ್ ಆಸ್ಪತ್ರೆಯಾದರೆ ಮೂರು ಬೆಡ್ಡಿಗೆ, ಬೇರೆ ಆಸ್ಪತ್ರೆಯಾದರೆ ಐದು ಬೆಡ್ಡಿಗೆ ಒಬ್ಬ ನರ್ಸ್ ಇರಬೇಕು. ರಾತ್ರಿ ಇಪ್ಪತ್ತೈದು ಪೇಷಂಟಿಗೆ ಒಬ್ಬರೇ ಓಡಾಡುವ ವಾರ್ಡು ನಾವೆಲ್ಲ ಕಂಡದ್ದೇ. ಆ ಒತ್ತಡ ನಿಜ. ಅದರಿಂದ ಕಿರಿಯರನ್ನು ತುಳಿಯುವ ಹಕ್ಕು ಮಾತ್ರ ಹುಟ್ಟುವುದಿಲ್ಲ.

ಮಾತಿಗೂ ಜಗ್ಗದವರಿದ್ದರೆ, ಮೊದಲ ದಿನದಿಂದ ಬರೆದಿಟ್ಟ ಕಿಸೆ ಪುಸ್ತಕ ಈಗ ಬೇಕಾಗುತ್ತದೆ. ಹತ್ತಿಪ್ಪತ್ತು ರೂಪಾಯಿಯ ಸಣ್ಣ ನೋಟ್‌ಬುಕ್. ಬಿಡಿ ಹಾಳೆ ಬೇಡ, ಹೊಲಿದ ಪುಸ್ತಕವೇ ಬೇಕು, ನಡುವೆ ಹಾಳೆ ಸೇರಿಸಿದ್ದಾರೆ ಎನ್ನುವ ಸಂಶಯಕ್ಕೆ ಎಡೆಯಿರಬಾರದು. ಪೆನ್ಸಿಲ್ ಅಲ್ಲ, ಪೆನ್ನು. ಅದೇ ದಿನ, ಡ್ಯೂಟಿ ಮುಗಿದ ಒಂದೆರಡು ತಾಸಿನೊಳಗೆ ಬರೆಯಿರಿ. ಒಂದು ಪುಟ ಹೀಗಿರುತ್ತದೆ:

"12ನೇ ತಾರೀಖು, ಮಂಗಳವಾರ, ಮಧ್ಯಾಹ್ನದ ಡ್ಯೂಟಿ. ಸಂಜೆ 4.20. ಫೀಮೇಲ್ ಮೆಡಿಕಲ್ ವಾರ್ಡ್, ನರ್ಸಿಂಗ್ ಸ್ಟೇಷನ್. ಬೆಡ್ 7ರ 4 ಗಂಟೆಯ ಆಂಟಿಬಯೋಟಿಕ್ 15 ನಿಮಿಷ ತಡ. ಇಂಡೆಂಟ್ (ಔಷಧದ ಬೇಡಿಕೆ ಚೀಟಿ) ಕಳಿಸಿದ್ದು 2.30ಕ್ಕೆ, ಫಾರ್ಮಸಿಯಿಂದ ಬಂದದ್ದು 4.10ಕ್ಕೆ, ಇಂಡೆಂಟ್ ಬುಕ್ಕಿನಲ್ಲಿ ಇದೆ. ಮೇಡಂ ಅಂದದ್ದು: 'ನಿನ್ನಂಥ ಹೊಲಸ ಸ್ಟಾಫ್ ನಾ ನೋಡಿಲ್ಲ, ನಾಳೆಯಿಂದ ಬರಬ್ಯಾಡ.' ಅಲ್ಲಿದ್ದವರು: ಒಬ್ಬ ಸ್ಟಾಫ್, ಒಬ್ಬ ಆಯಾ, ಬೆಡ್ 6ರ ಕಡೆಯವರು. ನಾನು ಹೇಳಿದ್ದು: 'ಫಾರ್ಮಸಿಯಿಂದ ತಡ ಆತ್ರಿ, ಬುಕ್ ನೋಡ್ರಿ.' 4.15ಕ್ಕೆ ಡೋಸ್ ಕೊಟ್ಟೆ."

ಅಂದ ಮಾತು ಅಂದ ಹಾಗೆಯೇ, ಆಡುಮಾತಿನಲ್ಲೇ ಇರಬೇಕು. "ಅವಾಚ್ಯವಾಗಿ ನಿಂದಿಸಿದರು" ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ನಿಮ್ಮ ತಪ್ಪಿದ್ದರೆ ಅದನ್ನೂ ಬರೆಯಿರಿ. ತಪ್ಪು ಮುಚ್ಚಿದ ಪುಸ್ತಕವನ್ನು ಯಾರೂ ನಂಬುವುದಿಲ್ಲ. ಪೇಷಂಟಿನ ಹೆಸರು, ಐಪಿ (ಒಳರೋಗಿ) ನಂಬರ್ ಬೇಡ, ಬೆಡ್ ನಂಬರ್ ಸಾಕು. ಕೇಸ್‌ಶೀಟಿನ ಫೋಟೋವನ್ನಂತೂ ಸ್ವಂತ ಮೊಬೈಲಿನಲ್ಲಿ ತೆಗೆಯಲೇಬೇಡಿ, ಪೇಷಂಟಿನ ಗುಟ್ಟು ಹೊರಹಾಕಿದಳೆಂದು ನಿಮ್ಮ ಮೇಲೆಯೇ ತಿರುಗುತ್ತದೆ.

ನಾಲ್ಕೈದು ನಮೂದುಗಳಾದ ಮೇಲೆ ಮೇಲಿನವರಿಗೆ. ಮೇಲಿನವರು ಯಾರು ಎಂಬುದು ಆಸ್ಪತ್ರೆಯ ಮೇಲೆ ಹೋಗುತ್ತದೆ. ಖಾಸಗಿಯಲ್ಲಿ ಇನ್‌ಚಾರ್ಜ್ ಮೇಲೆ ಸುಪರ್‌ವೈಸರ್, ಅವರ ಮೇಲೆ ನರ್ಸಿಂಗ್ ಸೂಪರಿಂಟೆಂಡೆಂಟ್, ಜೊತೆಗೆ ಎಚ್‌ಆರ್. ಬೈಯುವವರು ಸುಪರ್‌ವೈಸರೇ ಆದರೆ ನೇರ ಸೂಪರಿಂಟೆಂಡೆಂಟ್ ಕಡೆ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಶುಶ್ರೂಷಾ ಅಧೀಕ್ಷಕರು, ಅವರ ಮೇಲೆ ವೈದ್ಯಕೀಯ ಅಧೀಕ್ಷಕರು. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಶಸ್ತ್ರಚಿಕಿತ್ಸಕರು, ತಾಲೂಕು ಆಸ್ಪತ್ರೆಯಲ್ಲಿ ಆಡಳಿತ ವೈದ್ಯಾಧಿಕಾರಿ. ಹೊರಗುತ್ತಿಗೆಯಲ್ಲಿ ಇರುವವರು ಆಸ್ಪತ್ರೆಗೊಂದು, ಏಜೆನ್ಸಿಗೊಂದು ಪ್ರತಿ ಕೊಡಬೇಕು. ಒಂದೇ ಕಡೆ ಕೊಟ್ಟರೆ ಇವರು ಅವರತ್ತ, ಅವರು ಇವರತ್ತ ಕೈ ತೋರಿಸುತ್ತಾರೆ.

ಅರ್ಜಿ ಒಂದು ಪುಟ ದಾಟಬಾರದು. ವಿಷಯದ ಸಾಲಿನಲ್ಲಿ "ಕಿರುಕುಳ", "ದೌರ್ಜನ್ಯ" ಎಂದು ದೊಡ್ಡ ಪದ ಹಾಕುವುದಕ್ಕಿಂತ "ಡ್ಯೂಟಿ ವೇಳೆ ಸಾರ್ವಜನಿಕವಾಗಿ ಅವಮಾನಕರ ಮಾತು ಆಡುತ್ತಿರುವ ಬಗ್ಗೆ" ಎಂದು ಇದ್ದದ್ದನ್ನೇ ಬರೆಯಿರಿ. ಮೊದಲ ಸಾಲಿನಲ್ಲಿ ಯಾವ ದಿನ ಸೇರಿದ್ದು, ಯಾವ ವಾರ್ಡು. ನಂತರ ಮೂರು ಘಟನೆ, ದಿನಾಂಕ, ಸಮಯ, ಮಾತು. ಆಮೇಲೆ: "ದಿನಾಂಕ ಇಂಥದರಂದು ಸ್ವತಃ ಮೇಡಂ ಅವರೊಂದಿಗೆ ಮಾತಾಡಿದ್ದೇನೆ, ಬದಲಾವಣೆ ಆಗಿಲ್ಲ." ಇದರಿಂದ ಔಷಧ ಕೊಡುವಾಗ ಪ್ರಶ್ನೆ ಕೇಳುವುದಕ್ಕೆ ಅಂಜಿಕೆಯಾಗುತ್ತಿದೆ, ಪೇಷಂಟಿಗೆ ತೊಂದರೆಯಾಗಬಹುದು ಎಂಬ ಸಾಲು ಇರಲೇಬೇಕು. ಆಸ್ಪತ್ರೆಯ ಆಡಳಿತ ನರ್ಸ್‌ನ ನೋವಿಗೆ ಏಳದಿದ್ದರೂ ಪೇಷಂಟಿನ ಅಪಾಯಕ್ಕೆ ಏಳುತ್ತದೆ. ಕೊನೆಯಲ್ಲಿ ಏನು ಬೇಕೆಂದು ಹೇಳಿ: ಇಬ್ಬರನ್ನೂ ಕೂರಿಸಿ ಮಾತಾಡಿಸಿ, ಅಥವಾ ವಾರ್ಡು ಬದಲಿಸಿ. ಏನೂ ಕೇಳದ ಅರ್ಜಿಯ ಮೇಲೆ ಏನೂ ಆಗುವುದಿಲ್ಲ. ಎರಡು ಪ್ರತಿ ತನ್ನಿ, ಒಂದರ ಮೇಲೆ ಇನ್‌ವರ್ಡ್ ನಂಬರ್, ಸೀಲು, ದಿನಾಂಕ ಹಾಕಿಸಿಕೊಂಡು ಮನೆಯಲ್ಲಿಡಿ. ಸೀಲು ಕೊಡಲು ಒಲ್ಲೆನೆಂದರೆ ಅದೇ ದಿನ ಇಮೇಲ್ ಮಾಡಿ ಅಥವಾ ರಿಜಿಸ್ಟರ್ ಪೋಸ್ಟ್ ಹಾಕಿ.

ಮೂಗರ್ಜಿ ಬೇಡ. ಹೆಸರಿಲ್ಲದ ಅರ್ಜಿ ಯಾರ ಅಕ್ಷರ ಎಂದು ಹುಡುಕುವುದರಲ್ಲೇ ವಾರ್ಡಿನ ವಾರ ಕಳೆಯುತ್ತದೆ, ಅದರಲ್ಲಿ ಬರೆದ ವಿಷಯ ಯಾರೂ ನೋಡುವುದಿಲ್ಲ. ನಾಲ್ಕು ಜನ ಸಹಿ ಹಾಕಿದ ಅರ್ಜಿಗೆ ಬಲ ಇದೆ, ಆದರೆ ಹೆಸರು ಹಾಕಿಸುವ ಮೊದಲು ಅವರು ಕರೆದಾಗ ಬಂದು ಹೇಳುತ್ತಾರೆಯೇ ಎಂದು ಕೇಳಿಕೊಳ್ಳಿ. ಇನ್ನೊಂದು, ನಮ್ಮ ಕಡೆ ಬಹಳ ಆಗುವುದು: ಅಪ್ಪನೋ ಕಾಕಾನೋ ಊರಿನ ಲೀಡರ್ ಕಡೆಯಿಂದ ಆಸ್ಪತ್ರೆಗೆ ಫೋನ್ ಮಾಡಿಸುವುದು. ಬೈಗುಳ ಮರುದಿನವೇ ನಿಲ್ಲುತ್ತದೆ. ಜೊತೆಗೆ ಕಲಿಸುವುದೂ ನಿಲ್ಲುತ್ತದೆ. ಸೆಂಟ್ರಲ್ ಲೈನ್ ಡ್ರೆಸ್ಸಿಂಗ್ ನೋಡಲು ಯಾರೂ ಕರೆಯುವುದಿಲ್ಲ, ವೆಂಟಿಲೇಟರ್ ಪೇಷಂಟ್ ಕೊಡುವುದಿಲ್ಲ, ಎಲ್ಲರೂ ನಗುತ್ತ ಮಾತಾಡಿ ದೂರ ಇಡುತ್ತಾರೆ. ಮೊದಲ ವರ್ಷ ಕಲಿಯದೆ ಹೋದರೆ ಆ ನಷ್ಟ ಬೈಗುಳಕ್ಕಿಂತ ದೊಡ್ಡದು.

ಅರ್ಜಿ ಕೊಟ್ಟ ಮೇಲೆ ಕೆಲವೊಮ್ಮೆ ಮೆಮೊ ಬರುತ್ತದೆ, ಹಳೆಯ ಯಾವುದೋ ಸಣ್ಣ ತಪ್ಪು ಎತ್ತಿ "ಎಕ್ಸ್‌ಪ್ಲನೇಷನ್ ಕೊಡು" ಎಂದು. ಹೊಸಬರು ಬೀಳುವುದು ಇಲ್ಲಿ. ಎದುರು ಕೂರಿಸಿಕೊಂಡು, "ಬರಿ, 'ನಂದ ತಪ್ಪು, ಇನ್ನೊಮ್ಮೆ ಮಾಡಂಗಿಲ್ಲ' ಅಂತ ಬರದು ಕೊಟ್ಟ ಹೋಗು, ಮುಗೀತು" ಎಂದು ಹೇಳುತ್ತಾರೆ. ಮುಗಿಯುವುದಿಲ್ಲ, ಅದು ಫೈಲಿಗೆ ಹೋಗುತ್ತದೆ. ಅಂಥ ಪತ್ರ ಮೂರಾದರೆ ಕೆಲಸದಿಂದ ತೆಗೆಯಲು ದಾರಿ ಸಿದ್ಧ. ಮೆಮೊ ತೆಗೆದುಕೊಂಡೆ ಎಂದು ಸಹಿ ಮಾಡಿ, ಬೇಡವೆಂದು ಹಠ ಹಿಡಿಯಬೇಡಿ. ಸಹಿಯ ಪಕ್ಕ "ಸ್ವೀಕರಿಸಿದ್ದೇನೆ" ಎಂದು ದಿನಾಂಕ, ಸಮಯ ಹಾಕಿ, ಒಂದು ಪ್ರತಿ ಕೇಳಿ. ಉತ್ತರಕ್ಕೆ ಎರಡು ದಿನ ಬೇಕೆಂದು ಬರವಣಿಗೆಯಲ್ಲಿ ಕೇಳಿ. ಉತ್ತರದಲ್ಲಿ ಆದದ್ದನ್ನು ಮಾತ್ರ: "ಇಂಥ ದಿನ 4 ಗಂಟೆಯ ಡೋಸನ್ನು 4.15ಕ್ಕೆ ಕೊಟ್ಟಿದ್ದೇನೆ. ಔಷಧ ಫಾರ್ಮಸಿಯಿಂದ 4.10ಕ್ಕೆ ಬಂದಿದೆ. ಇಂಡೆಂಟ್ ಬುಕ್ ಪರಿಶೀಲಿಸಬೇಕಾಗಿ ವಿನಂತಿ." ಕ್ಷಮೆ ಕೇಳಬೇಕಾದ ತಪ್ಪು ನಿಜವಾಗಿ ಆಗಿದ್ದರೆ ಆ ಒಂದಕ್ಕೆ ಕೇಳಿ, ಮೆಮೊದಲ್ಲಿರುವ ಎಲ್ಲದಕ್ಕೂ ಅಲ್ಲ. ಖಾಲಿ ಹಾಳೆಗೆ ಸಹಿ ಮಾಡಬೇಡಿ. ಹಾಗೆ ಕೇಳುವವರು ಈಗಲೂ ಇದ್ದಾರೆ.

ಜಾತಿ, ಮೈ, ಹೆಣ್ತನ ಹಿಡಿದು ಆಡುವ ನಾಲ್ಕನೆಯ ಬಗೆಯ ಮಾತಿಗೆ ಈ ಮೆಟ್ಟಿಲುಗಳನ್ನೆಲ್ಲ ಹತ್ತಿ ಕಾಯಬೇಕಿಲ್ಲ. ಸುಪರ್‌ವೈಸರ್ ಆಗಲಿ ಡಾಕ್ಟರಾಗಲಿ ಮೈ ಮುಟ್ಟುವುದು, ಅಸಹ್ಯ ಮಾತು, ರಾತ್ರಿ ಮೆಸೇಜು, ಡ್ಯೂಟಿ ಚಾರ್ಟಿಗೆ ಬದಲಾಗಿ ಬೇರೆ ಏನೋ ಕೇಳುವುದು, ಇವು ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಡಿ ಬರುತ್ತವೆ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಆಸ್ಪತ್ರೆಯಲ್ಲೂ ಆಂತರಿಕ ಸಮಿತಿ ಇರಬೇಕು, ಅಧ್ಯಕ್ಷರು ಹಿರಿಯ ಮಹಿಳೆಯೇ ಆಗಿರಬೇಕು, ಅರ್ಧದಷ್ಟಾದರೂ ಸದಸ್ಯರು ಮಹಿಳೆಯರಿರಬೇಕು, ಹೊರಗಿನವರೊಬ್ಬರು ಇರಬೇಕು. ದೂರನ್ನು ಘಟನೆಯಾದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು. ಪದೇ ಪದೇ ಆಗಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ನಡುವೆ ವಾರ್ಡು ಬದಲಾವಣೆ ಅಥವಾ ಮೂರು ತಿಂಗಳವರೆಗೆ ರಜೆ ಕೇಳಬಹುದು, ಅದು ನಿಮ್ಮ ಬಾಕಿ ರಜೆಯಿಂದ ಕಳೆಯುವುದಿಲ್ಲ. ಹತ್ತು ಜನಕ್ಕಿಂತ ಕಡಿಮೆ ಇರುವ ಸಣ್ಣ ನರ್ಸಿಂಗ್ ಹೋಮ್ ಆದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು. ಪರಿಶಿಷ್ಟ ಜಾತಿ, ಪಂಗಡದವರನ್ನು ಜನರ ಎದುರು ಜಾತಿ ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅದು ಅಪರಾಧ, ಆಸ್ಪತ್ರೆಯೊಳಗಿನ ರಾಜಿಯಲ್ಲಿ ಮುಗಿಸುವ ವಿಷಯವಲ್ಲ. ವಕೀಲರಿಗೆ ದುಡ್ಡಿಲ್ಲ ಎಂಬ ಅಂಜಿಕೆ ಬೇಡ: 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ಫೋನ್ 15100.

ಡ್ಯೂಟಿ ಚಾರ್ಟಿನ ಸೇಡಿಗೆ ಮಾತಿಗಿಂತ ಲೆಕ್ಕವೇ ಉತ್ತರ. ಎರಡು ತಿಂಗಳ ಚಾರ್ಟ್ ನಕಲು ಮಾಡಿ, ವಾರ್ಡಿನ ಎಲ್ಲರ ನೈಟ್, ಆಫ್ ಎಣಿಸಿ ಒಂದು ಹಾಳೆಯಲ್ಲಿ ಬರೆಯಿರಿ. "ನನಗೆ 19 ನೈಟ್, ಉಳಿದವರಿಗೆ 8ರಿಂದ 10" ಎಂದು ಕಣ್ಣಿಗೆ ಕಾಣುವಂತೆ ಇಟ್ಟರೆ ಸೂಪರಿಂಟೆಂಡೆಂಟರಿಗೆ ತಳ್ಳಿ ಹಾಕುವುದು ಕಷ್ಟ. ಎಣಿಸಿ ನೋಡಿದಾಗ ಎಲ್ಲರಿಗೂ ಅಷ್ಟೇ ಇದೆ ಎಂದು ಗೊತ್ತಾದದ್ದೂ ಉಂಟು, ಆಗ ಆ ಮಾತನ್ನು ಅರ್ಜಿಯಿಂದ ತೆಗೆದುಬಿಡಬೇಕು.

ಮೈಯ ಕಡೆಗೂ ಗಮನ ಇರಲಿ. ಉಪವಾಸದ ನೈಟ್ ಡ್ಯೂಟಿಯಲ್ಲಿ ಸಣ್ಣ ಮಾತೂ ದೊಡ್ಡದಾಗಿ ಕೇಳುತ್ತದೆ. ಬುತ್ತಿಯಲ್ಲಿ ಎರಡು ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಕ್ಯಾಂಟೀನ್ ಮುಚ್ಚಿದ್ದರೂ ನಡೆಯುತ್ತದೆ. ಡ್ಯೂಟಿಗೆ ಹೊರಡುವಾಗ ಹೊಟ್ಟೆ ತೊಳಸುವುದು, ನಿದ್ದೆ ಬಾರದಿರುವುದು, ಆಫ್ ದಿನವೂ ಆ ದನಿ ಕಿವಿಯಲ್ಲಿ ಕೇಳುವುದು ಎರಡು ವಾರ ದಾಟಿದರೆ ತಡ ಮಾಡಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಎದುರು ಕೂತು ಮಾತಾಡಬೇಕೆಂದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ.

ಇಷ್ಟಾದರೂ ಬದಲಾಗದ ವಾರ್ಡುಗಳಿವೆ. ಆಗ ಬಿಡುವುದು ಸೋಲಲ್ಲ, ಆದರೆ ಬಿಡುವ ರೀತಿ ಸರಿ ಇರಬೇಕು. ಸಿಟ್ಟಿನಲ್ಲಿ ಮರುದಿನದಿಂದ ಬರದೆ ನಿಂತರೆ ಅನುಭವ ಪತ್ರ ಸಿಗುವುದಿಲ್ಲ, ಮುಂದಿನ ಆಸ್ಪತ್ರೆ ಕೇಳುವುದೇ ಅದನ್ನು. ನೇಮಕಾತಿ ಪತ್ರದಲ್ಲಿ ಎಷ್ಟು ದಿನದ ನೋಟಿಸ್ ಎಂದಿದೆಯೋ ಅಷ್ಟು ಕೊಡಿ. ಬಾಂಡ್ (ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಕರಾರು) ಇದ್ದರೆ ಸಹಿ ಮಾಡಿದ ಹಾಳೆಯನ್ನು ವಕೀಲರಿಗೆ ತೋರಿಸಿ, ಬಾಯಿ ಮಾತಿನ ಬೆದರಿಕೆಗೆ ದುಡ್ಡು ಕಟ್ಟಬೇಡಿ. ರಾಜೀನಾಮೆಯಲ್ಲಿ ಜಗಳದ ಕಥೆ ಬೇಡ, ಅದಕ್ಕೆ ಅರ್ಜಿಯ ಪ್ರತಿ ಬೇರೆ ಇದೆಯಲ್ಲ. ಮೂಲ ಅಂಕಪಟ್ಟಿ, ರಾಜ್ಯ ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಪತ್ರ ಸೇರುವಾಗಲೇ ಕೊಡಬಾರದು, ತೋರಿಸಿ ಜೆರಾಕ್ಸ್ ಕೊಡಬೇಕು. ಕೊಟ್ಟಾಗಿದ್ದರೆ ಯಾವ ಯಾವುದು ಎಂದು ಪಟ್ಟಿ ಮಾಡಿ, ವಾಪಸ್ ಕೇಳಿ ಪತ್ರ ಬರೆದು ಸೀಲು ಹಾಕಿಸಿಕೊಳ್ಳಿ.

ಕೊನೆಯ ದಿನ ಮತ್ತೊಮ್ಮೆ ಇನ್ವೆಂಟರಿ. ಎಣಿಸಿ, ಚಾರ್ಜ್ ತೆಗೆದುಕೊಂಡವರ ಸಹಿ ಪಡೆದು, ಲಾಕರಿನ ಕೀಲಿ, ಐಡಿ ಕಾರ್ಡ್, ಯೂನಿಫಾರ್ಮ್ ಕೊಟ್ಟು ನೋ ಡ್ಯೂ (ಬಾಕಿ ಏನೂ ಇಲ್ಲ ಎಂಬ) ಹಾಳೆಗೆ ಫಾರ್ಮಸಿ, ಸ್ಟೋರ್, ಹಾಸ್ಟೆಲ್, ಅಕೌಂಟ್ಸ್ ನಾಲ್ಕೂ ಕಡೆ ಸಹಿ ಹಾಕಿಸಿ. ಬಾಕಿ ಪಗಾರ ಯಾವ ತಾರೀಖಿಗೆ ಖಾತೆಗೆ ಬೀಳುತ್ತದೆ ಎಂಬುದನ್ನು ಅದೇ ಹಾಳೆಯ ಮೇಲೆ ಬರೆಸಿಕೊಳ್ಳಿ. ಇನ್‌ಚಾರ್ಜ್ ಸಿಸ್ಟರಿಗೆ "ಬರ್ತೇನ್ರಿ ಮೇಡಂ" ಎಂದು ಹೇಳಿ, ಕಿಸೆ ಪುಸ್ತಕವನ್ನು ಮನೆಗೆ ಒಯ್ಯಿರಿ. ಅನುಭವ ಪತ್ರ ಕೈ ಸೇರುವವರೆಗೆ ಅದನ್ನು ಹರಿಯಬೇಡಿ.